ಟ್ಯಾಲೋ ಹಳ್ಳದ ಬೆರಕೆ ಗೂಬೆ

ಮೂವತ್ತೊಂದು ವರ್ಷದ ನೌಕರಿಯಲ್ಲಿ ಡೆಲ್ಫಾ ಪ್ರೂಯಿಟ್ ಬರೆದ ಸುಳ್ಳು ಒಂದೇ ಒಂದು. ಹಳದಿ ಫಾರಂ ಮೇಲೆ, ಪೆನ್ಸಿಲಿನಲ್ಲಿ, ಜೀಪಿನ ಬಾನೆಟ್ಟಿನ ಮೇಲಿಟ್ಟುಕೊಂಡು ಬರೆದದ್ದು. ನಮ್ಮೂರು ಮಾರ್ಲೋ ಫೋರ್ಕಿನ ಜನ ಅವಳ ಬಗ್ಗೆ ಆಡದ ಮಾತಿಲ್ಲ. ಊರು ಮುರಿದವಳು ಅಂದರು, ಹೆತ್ತಪ್ಪನ ಅನ್ನಕ್ಕೆ ಮಣ್ಣು ಹಾಕಿದವಳು ಅಂದರು, ಬಾಯಿಗೆ ಬಂದದ್ದೆಲ್ಲ ಅಂದರು. ಸುಳ್ಳುಬುರುಕಿ ಅಂತ ಮಾತ್ರ ಒಬ್ಬರೂ ಅಂದಿರಲಿಲ್ಲ. ಅದಕ್ಕೇ ಆ ಸುಳ್ಳನ್ನು ಎಲ್ಲರೂ ಕಣ್ಣು ಮುಚ್ಚಿ ನಂಬಿದರು.

ಅವಳಪ್ಪ ಹರ್ಲನ್ ಪ್ರೂಯಿಟ್ ಮರ ಕಡಿಯುವವನು. ಒರೆಗಾನಿನ ಈ ಬೆಟ್ಟಗಳಲ್ಲಿ ಆ ಕಾಲಕ್ಕೆ ಗಂಡಸು ಅಂದರೆ ಕಾಡಿನಲ್ಲಿ ಮರ ಕಡಿಯಬೇಕು, ಇಲ್ಲ ಸಾಮಿಲ್ಲಿನಲ್ಲಿ ಹಲಗೆ ಸೀಳಬೇಕು. ಎರಡೂ ಬಾರದವನು ಪಾದ್ರಿಯಾಗುತ್ತಿದ್ದ. ಹರ್ಲನ್‌ನಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಕಡಿದ ಮರದ ಬುಡದ ಮೇಲೆ ಕೂತು, ಎರಡೂ ಕೈ ಬೊಗಸೆ ಮಾಡಿ ಬಾಯಿಗಿಟ್ಟು ಚುಕ್ಕೆ ಗೂಬೆಯ ಹಾಗೆ ಕೂಗುತ್ತಿದ್ದ. ನಾಲ್ಕೇ ಸ್ವರ: ಹೂ… ಹು-ಹು… ಹೂಊ. ಹಾಡುಹಗಲಲ್ಲೇ ಕಂದು ಬಣ್ಣದ ಗೂಬೆಯೊಂದು, ಮೈತುಂಬ ಬಿಳಿ ಚುಕ್ಕೆ, ಕೊಂಬೆಯಿಂದ ಕೊಂಬೆಗೆ ಇಳಿದು ಬಂದು ಇವರ ತಲೆಯ ಮೇಲೇ ಕೂತು ಗಂಡಸರು ಬ್ರೆಡ್ಡು ತಿನ್ನುವುದನ್ನು ಪಿಳಿಪಿಳಿ ನೋಡುತ್ತಿತ್ತು. ಚುಕ್ಕೆ ಗೂಬೆಯ ಸ್ವಭಾವವೇ ಹಾಗೆ, ಮನುಷ್ಯನ ಹೆದರಿಕೆ ಅದಕ್ಕಿಲ್ಲ. ಹರ್ಲನ್ ಆ ಕೂಗನ್ನು ಮಗ ಗಾರ್ತ್‌ಗೆ ಕಲಿಸಲು ನೋಡಿದ, ಅವನಿಗೆ ಬರಲಿಲ್ಲ. ಎಂಟು ವರ್ಷದ ಮಗಳಿಗೆ ಒಂದೇ ದಿನಕ್ಕೆ ಬಂತು.

ಆಮೇಲೆ ಕೋರ್ಟು ಕಚೇರಿ ಶುರುವಾಯಿತು. ಚುಕ್ಕೆ ಗೂಬೆ ಅಳಿದುಹೋಗುತ್ತಿದೆ, ಅದು ಗೂಡು ಕಟ್ಟುವ ಹಳೆಯ ಕಾಡಿಗೆ ಕೊಡಲಿ ಹಾಕುವಂತಿಲ್ಲ ಎಂದು ತೀರ್ಪು ಬಂತು. ತೊಂಬತ್ತೊಂದರಲ್ಲಿ ನಮ್ಮ ಸಾಮಿಲ್ಲಿಗೆ ಬೀಗ ಬಿತ್ತು. ಮರ ಅದಾಗಲೇ ಮುಗಿಯುತ್ತ ಬಂದಿತ್ತು, ಹೊಸ ಯಂತ್ರ ಬಂದು ಹತ್ತು ಜನರ ಕೆಲಸ ಇಬ್ಬರು ಮಾಡುತ್ತಿದ್ದರು, ಒಳ್ಳೊಳ್ಳೆಯ ದಿಮ್ಮಿಗಳು ಇಡಿಯಾಗಿಯೇ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿದ್ದವು. ಅದೆಲ್ಲ ಯಾರಿಗೆ ಬೇಕು? ಬೇರೆಯವರು ತಪ್ಪು ಮಾಡಿ ಇನ್ನೊಬ್ಬರ ಮೇಲೆ ಗೂಬೆ ಕೂರಿಸುವುದು ಕೇಳಿದ್ದೇವೆ. ನಮ್ಮೂರವರು ಗೂಬೆಯ ಮೇಲೇ ಗೂಬೆ ಕೂರಿಸಿದರು. ಅಂಗಡಿ ಬಾಗಿಲಿಗೆಲ್ಲ 'ಇಲ್ಲಿ ಗೂಬೆ ಸೂಪು ಸಿಗುತ್ತದೆ' ಎಂದು ಬೋರ್ಡು ಬಂತು. ಅದೇ ವಾರ, ಸಾಮಿಲ್ಲಿನಲ್ಲಿ ಹಸಿ ಹಲಗೆ ಎಳೆಯುತ್ತಿದ್ದು ಕೆಲಸ ಕಳೆದುಕೊಂಡ ಡೆಲ್ಫಾ, ಸರ್ಕಾರದವರು ಗೂಬೆ ಎಣಿಸಲು ಜನ ಹುಡುಕುತ್ತಿದ್ದಾರೆ ಎಂದು ಕೇಳಿ ಹೋಗಿ ಹೆಸರು ಕೊಟ್ಟು ಬಂದಳು. ಆಗ ಅವಳಿಗೆ ಇಪ್ಪತ್ತಾರು.

ಹರ್ಲನ್ ಅಂಗಳದಲ್ಲಿ ಮೋಟಾರು ಗರಗಸ ಬಿಚ್ಚಿ ಎಣ್ಣೆ ಹಾಕುತ್ತಿದ್ದ. ಕೆಲಸವಿಲ್ಲದಿದ್ದರೂ ದಿನಾ ಎಣ್ಣೆ ಹಾಕುತ್ತಿದ್ದ.

"ಅಲ್ಲಿ ಹೋಗಿ ಏನ್ ಮಾಡ್ತೀಯಾ?" ಅಂದ.

"ಕೂಗೋದು. ಎಲ್ಲೆಲ್ಲಿ ಉತ್ತರ ಬರತ್ತೋ ಬರ್ಕೊಳೋದು."

"ಆ ಕೂಗು ಕಲಿಸಿದ್ದು ನಾನು."

"ಹೌದಪ್ಪ. ನೋಡು, ಗೂಬೆ ಇಲ್ಲ ಅಂತ ಬರೆದ ಕಡೆ ಮರ ಕಡೀಬಹುದು. ಯಾರಾದ್ರೂ ಎಣಿಸಲೇಬೇಕಲ್ಲ? ಎಲ್ಲಿಂದ್ಲೋ ಬಂದೋನು ಎಣಿಸೋ ಬದಲು…"

"ಬಾಯ್ಮುಚ್ಚು. ನಾನು ಕೊಟ್ಟ ಹಗ್ಗಾನೇ ತಗೊಂಡು ನನ್ನ ಕೊರಳಿಗೆ ಹಾಕ್ತಿದೀಯಲ್ಲೇ!"

ಅಪ್ಪ ಮಗಳು ಎದುರುಬದುರು ನಿಂತು ಆಡಿದ ಕೊನೆಯ ಮಾತು ಅದು. ಆಮೇಲೆ ಎಂಟು ವರ್ಷ ಒಂದೇ ಮೇಜಿನಲ್ಲಿ ಕೂತು ಉಂಡರು. ಉಪ್ಪು ಬೇಕಾದರೂ ಹರ್ಲನ್ ಹೆಂಡತಿಗೆ ಹೇಳುತ್ತಿದ್ದ: "ಅವಳ ಹತ್ರ ಇದೆಯಲ್ಲ, ಅದನ್ನ ಈ ಕಡೆ ಕೊಡೋಕೆ ಹೇಳು." ಹಾಗೇ ಸತ್ತ. ಗಾರ್ತ್ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ. ಅಪ್ಪನನ್ನು ಮಣ್ಣು ಮಾಡಿದ ದಿನದಿಂದ ಅವನು ತಂಗಿಯ ಮನೆಯ ಕಡೆ ತಲೆ ಹಾಕಲಿಲ್ಲ. ದಾರಿಯಲ್ಲಿ ಎದುರಾದರೆ ಅವಳ ಜೀಪಿಗೆ ಧೂಳು ಎಬ್ಬಿಸಿಕೊಂಡು ಹೋಗುತ್ತಿದ್ದ. ಒಮ್ಮೆ ಯಾರೋ ಸತ್ತ ಗೂಬೆಯನ್ನು ಅವಳ ಮನೆಯ ಅಂಚೆಡಬ್ಬಿಗೆ ಮೊಳೆ ಹೊಡೆದು ಹೋಗಿದ್ದರು. ಅದನ್ನು ಅವಳೇ ಕಿತ್ತು ಹಿತ್ತಲಿನಲ್ಲಿ ಹೂತಳು. ಗಂಡ ಅನ್ನಿಸಿಕೊಂಡವನು ಅದಕ್ಕೂ ಮೊದಲೇ ಬಿಟ್ಟು ಹೋಗಿದ್ದ, ಆ ಕಥೆ ಬೇರೆ.

ಆಫೀಸಿನವರು ಅವಳನ್ನು ಎತ್ತಿ ಮೆರೆಸಿದರು ಅಂತಲೂ ತಿಳಿಯಬೇಡಿ. ಅಲ್ಲಿದ್ದವರೆಲ್ಲ ದೊಡ್ಡ ದೊಡ್ಡ ಓದು ಓದಿ ಬಂದವರು. ಅವರ ಲೆಕ್ಕದಲ್ಲಿ ಡೆಲ್ಫಾ ಮರಕಡುಕನ ಮಗಳು. ಗೂಬೆಗೆ ಹಾಕುವ ಇಲಿಗಳ ಡಬ್ಬಿ ಹೊರಲು ಆದೀತು, ಸಭೆಯಲ್ಲಿ ಮಾತಾಡಲು ಆಗದು. ಹತ್ತು ವರ್ಷ ಕಳೆದ ಮೇಲೆ ಅವರಿಗೆ ಬುದ್ಧಿ ಬಂತು. ಡೆಲ್ಫಾ ಇದೆ ಅಂತ ಬರೆದ ಕಡೆ ಗೂಬೆ ಇರುತ್ತಿತ್ತು, ಇಲ್ಲ ಅಂತ ಬರೆದ ಕಡೆ ಇರುತ್ತಿರಲಿಲ್ಲ. ಪರೀಕ್ಷೆ ಮಾಡಲು ಎರಡನೆಯವರನ್ನು ಕಳಿಸುವುದನ್ನೇ ಬಿಟ್ಟರು.

ಕೆಲಸ ಹೇಗೆ ಅಂದರೆ, ರಾತ್ರಿ ಕೂಗಿ ಗೂಬೆ ಯಾವ ಹಳ್ಳದಲ್ಲಿದೆ ಅಂತ ತಿಳಿದುಕೊಳ್ಳುವುದು. ಹಗಲು ಅಲ್ಲಿಗೆ ಹೋಗಿ ಕೋಲಿನ ತುದಿಯಲ್ಲಿ ಜೀವಂತ ಬಿಳಿ ಇಲಿ ಇಟ್ಟು ತೋರಿಸುವುದು. ಗೂಬೆ ಸದ್ದಿಲ್ಲದೆ ಇಳಿದು ಇಲಿ ಎತ್ತಿಕೊಳ್ಳುತ್ತದೆ. ಒಂಟಿ ಗಂಡಾದರೆ ಅಲ್ಲೇ ಕೊಂಬೆಯ ಮೇಲೆ ಕೂತು ನುಂಗುತ್ತದೆ. ಸಂಸಾರಸ್ಥನಾದರೆ ಬಾಯಲ್ಲಿ ಕಚ್ಚಿಕೊಂಡು ನೇರ ಮನೆಗೆ ಒಯ್ಯುತ್ತದೆ. ಮುಳ್ಳು, ಬಂಡೆ, ಬಿದ್ದ ಮರ ಏನೂ ನೋಡದೆ ಅದರ ಹಿಂದೆ ಓಡಿದರೆ ಗೂಡು ಸಿಕ್ಕಿತು. ಮರಿ ಬಲಿತ ಮೇಲೆ ಹಿಡಿದು ಕಾಲಿಗೆ ಬಣ್ಣದ ಬಳೆ ತೊಡಿಸಿ ಬಿಡುತ್ತಾರೆ. ಬಳೆಯ ಬಣ್ಣ ನೋಡಿ ಯಾವುದು ಯಾರ ಮಗ ಎಂದು ಹೇಳಬಹುದು. ಡೆಲ್ಫಾ ತನ್ನ ಕೈಯಾರೆ ಇನ್ನೂರಕ್ಕೂ ಹೆಚ್ಚು ಬಳೆ ತೊಡಿಸಿದ್ದಳು. ಅವಳ ಪಾಲಿಗೆ ಬಂದ ಹಳ್ಳಗಳು ಮೂವತ್ತನಾಲ್ಕು, ಪ್ರತಿ ಹಳ್ಳದಲ್ಲೂ ಒಂದು ಜೋಡಿ.

ಆಮೇಲೆ ಪಟ್ಟೆ ಗೂಬೆ ಬಂತು. ಇದೂ ಚುಕ್ಕೆ ಗೂಬೆಯ ದಾಯಾದಿಯೇ. ಅದೇ ಕಪ್ಪು ಕಣ್ಣು, ಅದೇ ಗುಂಡು ತಲೆ. ಆದರೆ ಚುಕ್ಕೆಯ ಬದಲು ಎದೆಗೆ ಅಡ್ಡ ಪಟ್ಟೆ, ಹೊಟ್ಟೆಗೆ ಉದ್ದ ಗೀರು. ದೇಶದ ಪೂರ್ವದ ತುದಿಯಿಂದ ವರ್ಷಕ್ಕಿಷ್ಟು ಅಂತ ಸರಿಯುತ್ತ ಸರಿಯುತ್ತ ಇಲ್ಲಿಗೆ ಬಂದದ್ದು. ಗಾತ್ರದಲ್ಲಿ ದೊಡ್ಡದು, ಬಾಯಿ ಜೋರು, ಕಪ್ಪೆ ಏಡಿ ಹುಳ ಏನು ಸಿಕ್ಕರೂ ತಿನ್ನುತ್ತದೆ. ಪಾಪ, ಚುಕ್ಕೆ ಗೂಬೆಗೆ ಹಾರುವ ಅಳಿಲೇ ಬೇಕು, ಹಳೆಯ ಕಾಡೇ ಬೇಕು. ಬಂದವರು ಇದ್ದವರನ್ನು ಒದ್ದು ಓಡಿಸಿದರು, ಬಗ್ಗದಿದ್ದರೆ ಕೊಂದರು. ಎಲ್ಲೋ ಅಪರೂಪಕ್ಕೆ, ತನ್ನ ಜಾತಿಯ ಜೋಡಿ ಸಿಗದ ಚುಕ್ಕೆ ಗಂಡು ಪಟ್ಟೆ ಹೆಣ್ಣಿನ ಜೊತೆ ಸಂಸಾರ ಹೂಡುವುದೂ ಇತ್ತು. ಅದಕ್ಕೆ ಹುಟ್ಟಿದ ಬೆರಕೆಯನ್ನು ಗೂಬೆ ಎಣಿಸುವವರು 'ಚುಕ್ಕೆಪಟ್ಟೆ' ಅಂತ ಕರೆಯುತ್ತಿದ್ದರು.

ಕೊನೆಗೆ ಸರ್ಕಾರ ಬಂದೂಕು ಎತ್ತಿತು. ಪಟ್ಟೆ ಕಂಡರೆ ಹೊಡೆ. ಬೆರಕೆ ಕಂಡರೂ ಹೊಡೆ. ಚುಕ್ಕೆ ಕಂಡರೆ ಕೈ ಮುಗಿದು ದೂರ ನಿಲ್ಲು. ಚುಕ್ಕೆ ಜೋಡಿ ಮರಿ ಮಾಡಿದ ಹಳ್ಳಕ್ಕೆ ಬಂದೂಕಿನವರು ಕಾಲಿಡುವಂತಿಲ್ಲ, ಸದ್ದಿಗೆ ಗೂಡು ಬಿಟ್ಟಾವು ಎಂಬ ಭಯ. ಊರಿನವರಿಗೆ ಹಬ್ಬವೋ ಹಬ್ಬ. "ಗೂಬೆ ಉಳಿಸೋಕೆ ಗೂಬೆ ಹೊಡೀತಾರಂತೆ ಕಣ್ರೋ! ನಮ್ಮನ್ನ ಕೇಳಿದ್ರೆ ಮೂವತ್ತು ವರ್ಷದ ಹಿಂದೇನೇ ಬಿಟ್ಟಿಯಾಗಿ ಹೊಡೆದುಕೊಡ್ತಿದ್ವಲ್ಲೋ!" ಡೆಲ್ಫಾಳಿಗೂ ಬಂದೂಕಿನ ತರಬೇತಿ ಕೊಟ್ಟರು. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯಾಡಿ ಬೆಳೆದವಳು, ಗುರಿ ಚೆನ್ನಾಗಿತ್ತು. ಆದರೆ ಗೂಬೆಗೆ ಗುರಿಯಿಡಲು ಒಪ್ಪಲಿಲ್ಲ. "ನಾನು ಎಣಿಸೋಕೆ ಬಂದೋಳು. ಎಣಿಸ್ತೀನಿ, ಅಷ್ಟೇ," ಅಂದಳು.

ಎಣಿಸಲು ಉಳಿದದ್ದಾದರೂ ಏನು? ಎರಡು ಸಾವಿರದ ಇಪ್ಪತ್ತೆರಡರ ಹೊತ್ತಿಗೆ ಮೂವತ್ತನಾಲ್ಕು ಹಳ್ಳಗಳಲ್ಲಿ ಮೂವತ್ತಮೂರು ಬರಿದು. ಟ್ಯಾಲೋ ಹಳ್ಳದಲ್ಲಿ ಒಂದು ಗಂಡು, ಕಾಲಿಗೆ ಹಳದಿ ಬಳೆ. ಹದಿನಾಲ್ಕು ವರ್ಷದ ಹಿಂದೆ ಅವಳೇ ತೊಡಿಸಿದ ಬಳೆ. ಹಕ್ಕಿಗಳಿಗೆ ಹೆಸರಿಡಬಾರದು ಎಂದು ಆಫೀಸಿನ ನಿಯಮ. ಅವಳು ಅದನ್ನು ಮುದುಕಪ್ಪ ಅನ್ನುತ್ತಿದ್ದಳು. ಮುದುಕಪ್ಪನ ಹೆಣ್ಣು ಸತ್ತು ಏಳು ವರ್ಷ. ಏಳು ವಸಂತ ಅವನು ಕೂಗಿದ, ಯಾರೂ ಉತ್ತರ ಕೊಡಲಿಲ್ಲ, ಡೆಲ್ಫಾ ಒಬ್ಬಳು ಬಿಟ್ಟರೆ. ಏಳು ವರ್ಷವೂ ಫಾರಂನಲ್ಲಿ ಒಂದೇ ಸಾಲು ಬರೆದಳು: ಗಂಡು ಒಂದು, ಒಂಟಿ. ಅವನಿರುವವರೆಗೆ ಟ್ಯಾಲೋ ಹಳ್ಳದ ನಾನೂರು ಎಕರೆ ಹಳೆಯ ಕಾಡು ಹರಾಜಿಗೆ ಬರುವಂತಿರಲಿಲ್ಲ. ಅವನು ಹೋದರೆ ಕಾಡೂ ಹೋಯಿತು, ಅವಳ ಮೂವತ್ತೊಂದು ವರ್ಷವೂ ಹೋಯಿತು.

ಆ ಮೇ ತಿಂಗಳ ಒಂದು ಮಧ್ಯಾಹ್ನ ಎಂದಿನಂತೆ ಕೋಲಿನ ತುದಿಗೆ ಇಲಿ ಇಟ್ಟು ನಿಂತಳು. ಮುದುಕಪ್ಪ ಇಳಿದ, ಎತ್ತಿಕೊಂಡ. ಎಂದಿನ ಕೊಂಬೆಯ ಮೇಲೆ ಕೂತು ನುಂಗುತ್ತಾನೆ ಎಂದು ನೋಡಿದರೆ ಕೂರಲಿಲ್ಲ. ಇಲಿಯನ್ನು ಬಾಯಲ್ಲಿ ಕಚ್ಚಿಕೊಂಡು ದಿಣ್ಣೆಯ ಕಡೆ ಹಾರಿದ.

ಅಂದರೆ ಎಲ್ಲೋ ಗೂಡಿದೆ! ಡೆಲ್ಫಾ ಐವತ್ತೇಳರ ಮಂಡಿ ನೋವನ್ನು ಮರೆತು ಓಡಿದಳು. ಎರಡು ಸಲ ಬಿದ್ದಳು, ಕೈ ತರಚಿತು. ದಿಣ್ಣೆಯ ಮೇಲೆ ತುದಿ ಮುರಿದ ಒಂದು ಫರ್ ಮರ. ಮುದುಕಪ್ಪ ಅದರ ಪೊಟರೆಯ ಬಾಯಿಗೆ ಇಲಿ ನೀಡುತ್ತಿದ್ದ. ಒಳಗಿನಿಂದ ಹೆಣ್ಣು ತಲೆ ಹೊರಗೆ ಹಾಕಿತು, ಎದೆಯನ್ನೂ ಹಾಕಿತು. ಎದೆಯ ತುಂಬ ಅಡ್ಡ ಪಟ್ಟೆ.

ಡೆಲ್ಫಾ ಅಲ್ಲೇ ಪಾಚಿಯ ಮೇಲೆ ಕೂತಳು.

"ಥೂ ನಿನ್ನ! ಏಳು ವರ್ಷ ಕಾದು ಕಾದು ಕೊನೆಗೆ ಇವಳನ್ನೇ ಕಟ್ಕೊಂಡ್ಯೇನೋ?" ಎಂದು ಬೈದಳು. ಮುದುಕಪ್ಪ ತಲೆ ತಿರುಗಿಸಿ ನೋಡಿದ. ಇನ್ನೊಂದು ಇಲಿ ಕೊಟ್ಟಳು. ಅದನ್ನೂ ಒಯ್ದ. ಪೊಟರೆಯೊಳಗಿನಿಂದ ಮರಿಗಳು ಚೀರುವ ಸಣ್ಣ ಸದ್ದು ಬಂತು, ಒಂದಲ್ಲ, ಎರಡು. ಏಳು ವರ್ಷದಿಂದ ಆ ಹಳ್ಳದಲ್ಲಿ ಕೇಳದ ಸದ್ದು. ಬೈಯುತ್ತಿದ್ದವಳಿಗೆ ನಗು ಬಂತು, ನಗುತ್ತಲೇ ಅಳು ಬಂತು. ಡಬ್ಬಿಯಲ್ಲಿದ್ದ ಆರೂ ಇಲಿಗಳನ್ನು ಒಂದಾದ ಮೇಲೊಂದು ಕೊಟ್ಟು ಮುಗಿಸಿದಳು, ಆರನ್ನೂ ಅವನು ಒಯ್ದ.

ಜೀಪಿಗೆ ಮರಳಿ ಬಾನೆಟ್ಟಿನ ಮೇಲೆ ಫಾರಂ ಇಟ್ಟಳು. ನಿಜ ಬರೆದರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮರಿ ಹಾರುವವರೆಗೆ ಕಾಯುತ್ತಾರೆ, ಎಲೆ ಉದುರುವ ಕಾಲಕ್ಕೆ ಬಂದೂಕಿನವರು ಬರುತ್ತಾರೆ. ತಾಯಿಯನ್ನು ಹೊಡೆಯುತ್ತಾರೆ, ಎರಡು ಮರಿಗಳನ್ನೂ ಹೊಡೆಯುತ್ತಾರೆ, ಮುದುಕಪ್ಪನನ್ನು ಮತ್ತೆ ಒಂಟಿ ಮಾಡಿ ಹೋಗುತ್ತಾರೆ. ಎಲ್ಲಾ ಅವನ ಒಳ್ಳೆಯದಕ್ಕೇ. ಡೆಲ್ಫಾ ಪೆನ್ಸಿಲು ನಾಲಿಗೆಗೆ ಒತ್ತಿ ಬರೆದಳು: ಚುಕ್ಕೆ ಗಂಡು ಒಂದು, ಚುಕ್ಕೆ ಹೆಣ್ಣು ಒಂದು, ಮರಿ ಎರಡು.

ಆಫೀಸಿನಲ್ಲಿ ಕುಣಿದಾಡಿದರು. ಮೇಲಧಿಕಾರಿ ಕೆಂಡ್ರಾ ಮೂವತ್ತನಾಲ್ಕರ ಹುಡುಗಿ, ಗೂಬೆಯ ಮೇಲೆ ಡಾಕ್ಟರೇಟು ಮಾಡಿದವಳು, ಎಣಿಕೆ ಶುರು ಮಾಡಿದಾಗಿನಿಂದ ಬರೀ ಸಾವಿನ ಲೆಕ್ಕವನ್ನೇ ಬರೆದವಳು. ಅವಳೇ ಮನೆಯಲ್ಲಿ ಕೇಕು ಮಾಡಿ ತಂದಳು. ಮರಿಗಳಿಗೆ ಬಳೆ ತೊಡಿಸಬೇಕಲ್ಲ ಎಂದಾಗ ಡೆಲ್ಫಾ, "ಮರ ಕೊಳೆತಿದೆ ಕಣಮ್ಮ, ಹತ್ತೋಕಾಗಲ್ಲ," ಅಂದಳು. ಡೆಲ್ಫಾ ಅಂದ ಮೇಲೆ ಮುಗಿಯಿತು. ಊರಿನ ಪತ್ರಿಕೆಯಲ್ಲೂ ಸುದ್ದಿ ಬಂತು. ಪೆಟ್ರೋಲು ಬಂಕಿನಲ್ಲಿ ಗಾರ್ತ್ ಲಾರಿಯ ಕಿಟಕಿಯಿಂದ ತಲೆ ಹಾಕಿ, ಹತ್ತು ಜನಕ್ಕೆ ಕೇಳುವ ಹಾಗೆ ಕೂಗಿದ: "ಏನೇ, ಬಾಣಂತನ ಜೋರಾ? ಇನ್ನು ನಾವು ಸಾಯೋವರೆಗೂ ಆ ಕಾಡಿಗೆ ಬೀಗ ಹಾಕಿಸಿದೆ ಅನ್ನು!" ಡೆಲ್ಫಾ ಒಳಗೊಳಗೆ ಹಿಗ್ಗಿದಳು. ಬೇಸಿಗೆಯುದ್ದಕ್ಕೂ ವಾರಕ್ಕೆರಡು ಸಲ ಹೋಗಿ ಮರಿಗಳಿಗೆ ಇಲಿ ಕೊಟ್ಟಳು. ಒಂದು ಮರಿ ಹೆದರುಪುಕ್ಕಲು, ತಾಯಿಯ ಹಿಂದೆಯೇ ಅಡಗುತ್ತಿತ್ತು. ಇನ್ನೊಂದು ಅಪ್ಪನ ಸ್ವಭಾವದ್ದು. ಅವಳು ಬಾಯಿಂದ ಕೂಗಿದರೆ ಸಾಕು, ಎಲ್ಲಿದ್ದರೂ ಬಂದು ಎದುರು ಕೂರುತ್ತಿತ್ತು. ಎದೆಗೆ ಪಟ್ಟೆ, ಹೊಟ್ಟೆಗೆ ಚುಕ್ಕೆ, ದೇವರು ಎರಡು ಬಟ್ಟೆ ಸೇರಿಸಿ ಹೊಲಿದ ಹಾಗೆ.

ಸೆಪ್ಟೆಂಬರಿನ ಒಂದು ಗುರುವಾರ ಕೆಂಡ್ರಾ ಅವಳನ್ನು ಕರೆದು ನಕಾಶೆ ತೋರಿಸಿದಳು.

"ಡೆಲ್ಫಾ, ಇಲ್ಲಿ ನೋಡಿ. ಟ್ಯಾಲೋ ಪಕ್ಕದ ದಿಣ್ಣೇಲಿ ಒಂದು ಚುಕ್ಕೆ ಹೆಣ್ಣು ಬಂದಿದೆ! ಎರಡು ವರ್ಷದ್ದು, ಕೆಂಪು ಬಳೆ. ದಕ್ಷಿಣದಿಂದ ಗಂಡು ಹುಡುಕ್ಕೊಂಡು ಎಂಬತ್ತು ಮೈಲಿ ಬಂದಿದಾಳೆ ಪಾಪ."

ಡೆಲ್ಫಾ ನಕಾಶೆಯ ಮೇಲೆ ಬಗ್ಗಿದಳು. "ಟ್ಯಾಲೋಗೆ ಬರ್ತಾಳಾ?"

"ಬಂದ್ರೆ ಏನ್ ಉಪಯೋಗ? ನಿಮ್ಮ ಗಂಡು ಸಂಸಾರಸ್ಥ ಆಗ್ಬಿಟ್ಟ. ಅವನು ಒಂಟಿ ಇದ್ದಿದ್ರೆ…" ಕೆಂಡ್ರಾ ನಕ್ಕಳು. "ಇರ್ಲಿ ಬಿಡಿ. ಇದು ಸಂತೋಷದ ತಾಪತ್ರಯ. ನಮಗೆ ಇಂಥ ತಾಪತ್ರಯ ಬಂದು ಎಷ್ಟು ವರ್ಷ ಆಯ್ತು ಹೇಳಿ?"

ಹೇಳಬೇಕಾದ ಗಳಿಗೆ ಅದು. ಹೇಳಿದ್ದರೆ ಮಾರನೆಯ ದಿನವೇ ಬಂದೂಕಿನವರು ಹೋಗಿ ಪಟ್ಟೆ ಹೆಣ್ಣನ್ನು ತೆಗೆದು ದಾರಿ ಮಾಡುತ್ತಿದ್ದರು. ಮುದುಕಪ್ಪನಿಗೆ ಅವನದೇ ಜಾತಿಯ ಜೋಡಿ ಸಿಗುತ್ತಿತ್ತು, ಹಳ್ಳದಲ್ಲಿ ಮತ್ತೆ ಚುಕ್ಕೆ ಮರಿಗಳಾಗುತ್ತಿದ್ದವು. ಮೂವತ್ತೊಂದು ವರ್ಷ ಅವಳು ಬೇಡಿಕೊಂಡದ್ದು ಅದನ್ನೇ ಅಲ್ಲವೇ? ಆದರೆ ಗೋಡೆಯ ಮೇಲೆ ಕೆಂಡ್ರಾ ಆ ಹಳದಿ ಫಾರಂಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದಳು. ಅದರ ಕೆಳಗೆ ಕೂತು ಹೇಳಲು ಡೆಲ್ಫಾಳಿಗೆ ನಾಲಿಗೆ ಏಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡಳು. ಶುಕ್ರವಾರ ಹೋಯಿತು. ಶನಿವಾರ ಜೀಪು ತೊಳೆದಳು. ಭಾನುವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಸೋಮವಾರ ಹೊರಟವಳು ಆಫೀಸಿಗೆ ಹೋಗುವ ಬದಲು ಟ್ಯಾಲೋ ಹಳ್ಳಕ್ಕೆ ಹೋದಳು. ಹೊಸ ಹೆಣ್ಣು ನಿಜಕ್ಕೂ ಇದೆಯೋ ಇಲ್ಲವೋ, ಮೊದಲು ಕಿವಿಯಾರೆ ಕೇಳಿ ಆಮೇಲೆ ಹೇಳೋಣ ಎಂಬ ನೆವ.

ಗೂಬೆ ಎಣಿಸುವವರಿಗೆ ಮೊದಲ ದಿನವೇ ಕಲಿಸುವ ಪಾಠ ಒಂದಿದೆ. ಪಟ್ಟೆ ಗೂಬೆ ಇರುವ ಜಾಗದಲ್ಲಿ ಚುಕ್ಕೆಯ ಕೂಗು ಕೂಗಬಾರದು. ಕೂಗಿದರೆ ಚುಕ್ಕೆ ಗೂಬೆ ನಂಬಿ ಉತ್ತರ ಕೊಡುತ್ತದೆ, ಉತ್ತರ ಕೇಳಿ ಪಟ್ಟೆ ಗೂಬೆ ಎರಗುತ್ತದೆ. ಹೊಸಬರಿಗೆಲ್ಲ ಈ ಪಾಠ ಹೇಳಿಕೊಡುತ್ತಿದ್ದವಳು ಡೆಲ್ಫಾಳೇ. ಫಾರಂ ಪ್ರಕಾರ ಟ್ಯಾಲೋದಲ್ಲಿ ಪಟ್ಟೆ ಗೂಬೆ ಇಲ್ಲ. ಅವಳಿಗೆ ಗೊತ್ತಿತ್ತಲ್ಲ! ಗೊತ್ತಿದ್ದೂ ಆ ಮುಸ್ಸಂಜೆ ದಿಣ್ಣೆಯ ಮೇಲೆ ನಿಂತು ಕೈ ಬೊಗಸೆ ಮಾಡಿ ಕೂಗಿಬಿಟ್ಟಳು. ಎಷ್ಟೋ ವರ್ಷದಿಂದ ಒಂದು ಚುಕ್ಕೆ ಹೆಣ್ಣಿನ ದನಿ ಕೇಳದೆ ಕಿವಿ ಬತ್ತಿಹೋಗಿತ್ತು. ಒಂದೇ ಒಂದು ಸಲ ಕೇಳೋಣ ಅನ್ನಿಸಿತು.

ಉತ್ತರ ಬಂತು. ಹೆಣ್ಣು ದನಿ, ಎಳೆಯದು, ಕೊನೆಯಲ್ಲಿ ಶಿಳ್ಳೆಯಂಥ ಎಳೆತ. ಡೆಲ್ಫಾ ಇನ್ನೊಂದು ಸಲ ಕೂಗಿದಳು. ಈ ಸಲ ಇನ್ನೂ ಹತ್ತಿರ. ಹೆಣ್ಣು ಇಪ್ಪತ್ತಡಿ ದೂರದ ಕೊಂಬೆಗೆ ಬಂದು ಕೂತಿತು, ಕಾಲಿಗೆ ಕೆಂಪು ಬಳೆ, ತಲೆ ಓರೆ ಮಾಡಿಕೊಂಡು ಕೂಗಿದವರು ಯಾರು ಎಂದು ಹುಡುಕುತ್ತಿತ್ತು. ಹಿಂದಿನಿಂದ ಪಟ್ಟೆ ಹೆಣ್ಣು ಬಂದದ್ದು ಡೆಲ್ಫಾಳಿಗೂ ಕಾಣಲಿಲ್ಲ, ಅದಕ್ಕೂ ಕಾಣಲಿಲ್ಲ. ಎರಡೂ ಒಟ್ಟಿಗೆ ನೆಲಕ್ಕೆ ಬಿದ್ದವು. ಡೆಲ್ಫಾ ಕಿರುಚುತ್ತ ಕೋಲೆತ್ತಿಕೊಂಡು ಓಡಿದಳು. ಅಷ್ಟರಲ್ಲಿ ಕೆಲಸ ಮುಗಿದಿತ್ತು. ಮುದುಕಪ್ಪ ಮೇಲಿನ ಕೊಂಬೆಯಲ್ಲಿ ಕೂತು ನೋಡುತ್ತಿದ್ದ.

ಮಾರನೆಯ ಬೆಳಿಗ್ಗೆ ಅವಳು ಕೆಂಪು ಬಳೆಯನ್ನು ಕೆಂಡ್ರಾಳ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಒಂದನ್ನೂ ಮುಚ್ಚಲಿಲ್ಲ. ಕೆಂಡ್ರಾ ಬೈಯುತ್ತಾಳೆ, ಕೂಗಾಡುತ್ತಾಳೆ ಎಂದುಕೊಂಡಿದ್ದಳು. ಆ ಹುಡುಗಿ ಬಳೆಯನ್ನು ಬೆರಳಿನಲ್ಲಿ ತಿರುಗಿಸತೊಡಗಿದಳು.

"ಗುರುವಾರ ನಾನು ಇದೇ ಕುರ್ಚೀಲಿ ಕೂತಿದ್ದೆ," ಅಂದಳು. "ನೀವು ಅಲ್ಲಿ ಕೂತಿದ್ರಿ. ಒಂದು ಮಾತು, ಡೆಲ್ಫಾ. ಒಂದೇ ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?"

"ಆಗ್ಲಿಲ್ಲ ಕಣಮ್ಮ."

"ಯಾಕೆ?"

"ಅವನಿಗೆ ಮಕ್ಕಳಾಗಿದ್ವು. ನೋಡಿ ನನಗೆ ಖುಷಿಯಾಗಿತ್ತು. ಅಷ್ಟೇ. ಇನ್ನೇನ್ ಹೇಳ್ಲಿ ನಾನು?"

ಅದೇ ವಾರ ಬಂದೂಕಿನವರು ಟ್ಯಾಲೋ ಹಳ್ಳಕ್ಕೆ ಹೋದರು. ಪಟ್ಟೆ ಹೆಣ್ಣು ಮೊದಲ ದಿನವೇ ಬಿತ್ತು, ಹೆದರುಪುಕ್ಕಲು ಮರಿ ಮೂರನೆಯ ದಿನ. ಇನ್ನೊಂದು ಮರಿ ಸಿಗಲಿಲ್ಲ. ಅವರ ಪೆಟ್ಟಿಗೆಯಿಂದ ಹೊರಡುವ, ರೆಕಾರ್ಡು ಮಾಡಿದ ಕೂಗಿಗೆ ಅದು ಬರುತ್ತಲೇ ಇರಲಿಲ್ಲ. ನವೆಂಬರಿನಿಂದಾಚೆ ಮುದುಕಪ್ಪ ಯಾರಿಗೂ ಕಾಣಲಿಲ್ಲ. ಹಳದಿ ಬಳೆಯೂ ಸಿಗಲಿಲ್ಲ. ಮಂಜು ಕರಗಿ ಮಾರ್ಚಿ ಬಂದಾಗ ಟ್ಯಾಲೋ ಹಳ್ಳದಲ್ಲಿ ಉಳಿದದ್ದು ಆ ಬೆರಕೆ ಒಂದೇ. ಅದು ಕೂಗಲು ಕಲಿತಿತ್ತು. ಅಪ್ಪನ ನಾಲ್ಕು ಸ್ವರದಿಂದ ಎತ್ತಿ ಅಮ್ಮನ ಜಾತಿಯ ಇಳಿಯುವ ದನಿಯಲ್ಲಿ ಬಿಡುತ್ತಿತ್ತು. ಆ ಕೂಗಿಗೆ ಚುಕ್ಕೆಯೂ ಓಗೊಡದು, ಪಟ್ಟೆಯೂ ಓಗೊಡದು. ರಾತ್ರಿಯೆಲ್ಲ ಕೂಗುತ್ತಿತ್ತು ಎಂದು ಬಂದೂಕಿನವರು ಹೇಳಿದರು.

ಕೆಂಡ್ರಾ ಡೆಲ್ಫಾಳ ಮನೆಗೇ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಜಗಲಿಯ ಮೇಲೇ ನಿಂತಳು.

"ಅದು ನಿಮ್ಮ ಬಾಯಿಗೆ ಮಾತ್ರ ಬರತ್ತೆ. ನಾನು ಬಲವಂತ ಮಾಡಲ್ಲ. ನೀವು ಕೂಗಿ ಕರೆದ್ರೆ ಸಾಕು, ನಮ್ಮ ಹುಡುಗರು ಹೊಡೀತಾರೆ."

"ಬೇಡ," ಅಂದಳು ಡೆಲ್ಫಾ. "ನನ್ನನ್ನ ನಂಬಿ ಬರೋದು, ಬೇರೆಯವನ ಕೈಲಿ ಯಾಕೆ ಸಾಯ್ಬೇಕು? ಬಂದೂಕು ನನಗೆ ಕೊಡು."

ಸಂಜೆ ಐದಕ್ಕೆ ಹೋದಳು. ಜೊತೆಗೆ ಯಾರನ್ನೂ ಸೇರಿಸಲಿಲ್ಲ. ದಿಣ್ಣೆಯ ಮೇಲೆ ನಿಂತು ಒಂದೇ ಸಲ ಕೂಗಿದ್ದು. ಅದು ರೆಕ್ಕೆಯ ಸದ್ದೂ ಇಲ್ಲದೆ ಬಂದು ಹದಿನೈದಡಿ ದೂರದ ಕೊಂಬೆಯ ಮೇಲೆ ಕೂತಿತು. ಕೋಲಿಗಾಗಿ ನೋಡಿತು. ಕೋಲು ತಂದಿರಲಿಲ್ಲ. ಕತ್ತು ಮುಂದೆ ಮಾಡಿ, ಹಿಂದೆ ಮಾಡಿ, ಹಸಿದ ಮರಿಯ ಹಾಗೆ ಸಣ್ಣಗೆ ಚೀರಿತು. ಬರೀ ಕೈಯಲ್ಲಿ ಬರಬಾರದಿತ್ತು, ಒಂದು ಇಲಿಯನ್ನಾದರೂ ತಿನ್ನಿಸಿ ಹೊಡೆಯಬೇಕಿತ್ತು ಅಂತ ಅವಳಿಗೆ ಆಗ ಹೊಳೆಯಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಗುರಿ ತಪ್ಪಲಿಲ್ಲ.

ನಿಯಮದ ಪ್ರಕಾರ ತೂಕ ಮಾಡಬೇಕು, ರೆಕ್ಕೆ ಅಳೆಯಬೇಕು. ಅವಳೇ ಮಾಡಿದಳು. ಫಾರಂನಲ್ಲಿ ಜಾತಿ ಎಂಬ ಕಡೆ 'ಬೆರಕೆ' ಎಂದು ಬರೆದಳು. ಹಳ್ಳದಲ್ಲಿ ಉಳಿದ ಚುಕ್ಕೆ ಗೂಬೆಗಳ ಸಂಖ್ಯೆ ಎಂಬ ಕಡೆ ಸೊನ್ನೆ ಬರೆದಳು. ಅಲ್ಲಿಯವರೆಗೆ ಯಾರೂ ಮುಟ್ಟದೆ ಬಿಟ್ಟಿದ್ದ ಗೋಡೆಯ ಚೌಕಟ್ಟು ಹೊಸ ಫಾರಂ ಬಂದ ದಿನ ಇಳಿಯಿತು. ಆ ತಿಂಗಳ ಕೊನೆಗೆ ಡೆಲ್ಫಾ ಕೆಲಸ ಬಿಟ್ಟಳು. ಬೀಳ್ಕೊಡುಗೆ ಗೀಳ್ಕೊಡುಗೆ ಏನೂ ನಡೆಯಲಿಲ್ಲ.

ಊರಿಗೆ ಸುದ್ದಿ ಹೇಗೆ ಮುಟ್ಟಿತೋ ಕಾಣೆ. ಪ್ರೂಯಿಟ್ ಮನೆ ಹುಡುಗಿ ತನ್ನ ಕೈಯಾರೆ ಗೂಬೆ ಹೊಡೆದಳಂತೆ, ಟ್ಯಾಲೋ ಹಳ್ಳ ಇನ್ನು ಹರಾಜಿಗೆ ಬರುತ್ತದಂತೆ. ಎರಡನ್ನೂ ಕೂಡಿಸಿ ಅವರಿಗೆ ಬೇಕಾದ ಕಥೆ ಮಾಡಿಕೊಂಡರು. ಯಾವ ಗೂಬೆ, ಯಾಕೆ, ಯಾರೂ ಕೇಳಲಿಲ್ಲ. ಮೂವತ್ತು ವರ್ಷ ಮುಖ ತಿರುಗಿಸಿದ್ದ ದಿನಸಿ ಅಂಗಡಿಯವಳು ಅವಳ ಚೀಲವನ್ನು ಜೀಪಿನ ತನಕ ಹೊತ್ತು ತಂದಳು.

ಮುಂದಿನ ಭಾನುವಾರ ಗಾರ್ತ್ ಬಂದ. ಲಾರಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ಕೈಯಲ್ಲಿ ಕಾಗದ ಸುತ್ತಿದ ಎಲ್ಕ್ ಮಾಂಸ ಹಿಡಿದುಕೊಂಡು, ಅರವತ್ತರ ಗಂಡಸು ಶಾಲೆ ಹುಡುಗನ ಹಾಗೆ ಬಾಗಿಲಲ್ಲಿ ನಿಂತ.

"ಅಪ್ಪ ಇರ್ಬೇಕಿತ್ತು ಕಣೇ," ಅಂದ. "ಎಷ್ಟು ಹೆಮ್ಮೆ ಪಡ್ತಿದ್ದ."

ಡೆಲ್ಫಾ ಹೇಳಲು ಬಾಯಿ ತೆರೆದಳು. ನೀವು ತಿಳಿದ ಹಾಗಲ್ಲ, ನಾನು ಹೊಡೆದದ್ದು ನಿಮಗಾಗಿ ಅಲ್ಲ, ಅದು ನನ್ನ ಕೈಯಿಂದ ತಿಂದು ಬೆಳೆದ ಮರಿ ಎಂದು ಹೇಳಬೇಕಿತ್ತು. ಗಾರ್ತ್‌ನ ಕಣ್ಣಲ್ಲಿ ನೀರಿತ್ತು. ಅಣ್ಣನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ಇಪ್ಪತ್ತನಾಲ್ಕು ವರ್ಷವಾಗಿತ್ತು.

"ಒಳಗೆ ಬಾ," ಅಂದಳು. "ಹಸಿದಿದೀಯೇನೋ?"

ಅವನು ಬಂದು ಕೂತ. ಅವಳು ಮಾಂಸ ಹುರಿದಳು, ಆಲೂಗಡ್ಡೆ ಬೇಯಿಸಿದಳು, ಅವನು ಎರಡು ಸಲ ಕೇಳಿ ಹಾಕಿಸಿಕೊಂಡ. ಅಮ್ಮನ ಸುದ್ದಿ, ಮಂಡಿ ನೋವಿನ ಸುದ್ದಿ ಮಾತಾಡಿದರು. ಒಂದು ಸಲ ಇಬ್ಬರೂ ಗಟ್ಟಿಯಾಗಿ ನಕ್ಕರು. ಆ ಒಂದು ಗಂಟೆ ಡೆಲ್ಫಾಳಿಗೆ ಖುಷಿಯಾಗಿತ್ತು. ಸುಳ್ಳು ಬರೆದದ್ದನ್ನು, ಕೂಗಿ ಕರೆದು ಕೊಲ್ಲಿಸಿದ್ದನ್ನು, ಬಂದೂಕು ಎತ್ತಿದ್ದನ್ನು ಅವಳು ಇವತ್ತಿಗೂ ಕೇಳಿದವರಿಗೆ ಹೇಳುತ್ತಾಳೆ. ಆ ಊಟದ ಖುಷಿಯ ವಿಷಯ ಬಂದರೆ ಮಾತ್ರ ಎದ್ದು ಒಳಗೆ ಹೋಗುತ್ತಾಳೆ.